ಶಿರೋರಕ್ಷಾ ಮೀಮಾಂಸೆ: ಕಕ್ಕೇರಾ ಪ್ರಸ್ಥಾನ

ಸೈಕಲ್ ತುಳಿಯುವವನು ತಲೆಗೆ ಏನು ಹಾಕಬೇಕು, ಮೈಮೇಲೆ ಎಷ್ಟು ಹೊಳಪು ಹೊರಬೇಕು ಎಂಬ ವಾದಕ್ಕೆ ಮೆಲ್ಬರ್ನಿನಲ್ಲಿ, ಬಾತ್‌ನಲ್ಲಿ, ಡೆನ್ಮಾರ್ಕಿನಲ್ಲಿ ಆಚಾರ್ಯರಿದ್ದಾರೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಕ್ಕೇರಾಕ್ಕೆ ಈವರೆಗೆ ಒಬ್ಬ ಭಾಷ್ಯಕಾರನೂ ಸಿಕ್ಕಿರಲಿಲ್ಲ. ಆ ಕೊರತೆ ತುಂಬುವ ಹೊಣೆಯನ್ನು, ಯಾರೂ ಕೇಳದಿದ್ದರೂ, ಪ್ರಬಂಧಕರ್ತೃ ಹೊತ್ತಿದ್ದಾನೆ. ಮೊದಲಿಗೆ ಒಂದು ಪಾಠಾಂತರ ನಿವಾರಣೆ: ಇದು ಖಾನಾಪುರ ತಾಲ್ಲೂಕಿನ ಕಕ್ಕೇರಿ ಅಲ್ಲ. ಅದು ಮಳೆಯ ಸೀಮೆ, ಇದು ಬಿಸಿಲ ಸೀಮೆ. ಕೊಡೆಯ ದರ್ಶನವೇ ಬೇರೆ, ರುಮಾಲಿನ ದರ್ಶನವೇ ಬೇರೆ.

ಇತಿಹಾಸದ ಸಾಕ್ಷಿ ಹುಡುಕಿದರೆ ಮೆಡೋಸ್ ಟೇಲರ್ ನೆನಪಾಗುತ್ತಾನೆ. ಆತ ಸುರಪುರದಲ್ಲಿ ಇಂಗ್ಲಿಷರ ಪ್ರತಿನಿಧಿಯಾಗಿದ್ದದ್ದು 1841ರಿಂದ 1853ರವರೆಗೆ. ಪೆಡಲ್ ಇರುವ ಸೈಕಲ್ ಜಗತ್ತಿಗೆ ಬಂದದ್ದು 1860ರ ದಶಕದಲ್ಲಿ. ಹೀಗಾಗಿ ಸಾಕ್ಷಿ ಅಸಿಂಧು. ಪೀಠಿಕೆಗೆ ಒಬ್ಬ ದೊರೆ ಬೇಕೆಂಬ ನಿಯಮವಂತೂ ಪಾಲಿಸಿದಂತಾಯಿತು.

ಈಗ ಶಾಸ್ತ್ರ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ವಿಧಿಸುತ್ತದೆ, ಪಗಡಿ ಧರಿಸಿದ ಸಿಖ್ಖರಿಗೆ ವಿನಾಯಿತಿ ಕೊಡುತ್ತದೆ. ಬರೀ ಸೈಕಲ್ಲಿನ ವಿಷಯದಲ್ಲಿ ಮೌನ. ಹಾಗಾಗಿ ಕಕ್ಕೇರಾದ ಹಿರಿಯ ಸೈಕಲ್ ಮೇಲಿದ್ದಾಗ ಅವನ ಹತ್ತಾರು ಮೊಳದ ರುಮಾಲು ಕಾನೂನಿನ ಆಚೆಗಿನದು. ಮಗನ ಬೈಕಿನ ಹಿಂದೆ ಕೂತ ಕ್ಷಣವೇ ಅದೇ ರುಮಾಲು ಅಪರಾಧ, ಯಾಕೆಂದರೆ 2016ರ ಜನವರಿಯಿಂದ ರಾಜ್ಯದಲ್ಲಿ ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯ. ಮಗ ಹೆಲ್ಮೆಟ್ ಇಟ್ಟಿರುತ್ತಾನೆ, ಇಲ್ಲವೆನ್ನುವಂತಿಲ್ಲ. ಆದರೆ ಅದು ಮೊಣಕೈಗೆ ಜೋತಿರುತ್ತದೆ. ದೂರದಲ್ಲಿ ಖಾಕಿ ಕಂಡರೆ ತಲೆಗೇರುತ್ತದೆ, ಖಾಕಿ ದಾಟಿದರೆ ಮತ್ತೆ ಕೈಗಿಳಿಯುತ್ತದೆ. ಈ ಪಂಥದ ಪ್ರಕಾರ ಅಪಘಾತ ಎಂಬುದು ಪೊಲೀಸರು ನಿಂತ ಜಾಗದಲ್ಲಿ ಮಾತ್ರ ಸಂಭವಿಸುವ ಘಟನೆ.

ಸರ್ಕಾರವೂ ಇದೇ ಜಿಲ್ಲೆಯ ದಾರಿಗಳಿಗೆ ಸೈಕಲ್ ಸುರಿದದ್ದುಂಟು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಬಂತು, ಕೊರೊನಾ ಕಾಲಕ್ಕೆ ನಿಂತೂ ಹೋಯಿತು. ಕಾಲಿಗೆ ಪೆಡಲ್ ಕೊಟ್ಟವರು ತಲೆಯ ವಿಚಾರಕ್ಕೆ ಹೋಗಲಿಲ್ಲ. ಮಕ್ಕಳ ತಲೆ ಹೇಗೂ ಪಠ್ಯಪುಸ್ತಕ ಇಲಾಖೆಗೆ ಸೇರಿದ್ದು.

ಇನ್ನು ಪೂರ್ವಪಕ್ಷ, ಅಂದರೆ ಹೆಲ್ಮೆಟ್‌ವಾದಿಗಳು. ಇವರ ಕೈಲಿ ಬಲವಾದ ಪ್ರಮಾಣವೇ ಇದೆ: ಸುಮಾರು 40 ಅಧ್ಯಯನ, ಗಾಯಗೊಂಡ 64,000 ಸೈಕಲ್ ಸವಾರರನ್ನು ಒಟ್ಟಿಗೆ ಪರಿಶೀಲಿಸಿದಾಗ ಹೆಲ್ಮೆಟ್ ತೊಟ್ಟವರಲ್ಲಿ ತಲೆಗೆ ಗಂಭೀರ ಪೆಟ್ಟಾಗುವ ಸಂಭವ ಶೇ 70ರ ಹತ್ತಿರ ಕಡಿಮೆ ಕಂಡಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ 1990ರ ಜುಲೈನಲ್ಲೇ ಸೈಕಲ್ ಹೆಲ್ಮೆಟ್ ಕಡ್ಡಾಯ ಮಾಡಿತು. ಉತ್ತರಪಕ್ಷದವರು ನೆದರ್‌ಲ್ಯಾಂಡ್ಸ್ ಕಡೆ ಬೆರಳು ತೋರಿಸುತ್ತಾರೆ: ಅಲ್ಲಿ ಮುದುಕಿಯರೂ ಬರಿದಲೆಯಲ್ಲಿ ನಿಶ್ಚಿಂತೆಯಿಂದ ತುಳಿಯುತ್ತಾರೆ, ಏಕೆಂದರೆ ಸೈಕಲ್ಲಿಗೆ ಬೇರೆಯೇ ದಾರಿ ಇದೆ. ಜೊತೆಗೆ, ಯುರೋಪಿನ ಮಾನದಂಡದಲ್ಲಿ ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದ ಹೊಡೆತಕ್ಕೆ. ತಾನಾಗಿ ಉರುಳಿ ಬಿದ್ದರೆ ಅದು ಕಾಪಾಡೀತು. ಭತ್ತ ಹೇರಿಕೊಂಡು ಬರುವ ಟ್ರ್ಯಾಕ್ಟರ್‌ಗೆ ಆ ಮಾನದಂಡ ಗೊತ್ತಿಲ್ಲ.

ಎಲ್ಲಕ್ಕಿಂತ ರಸವತ್ತಾದ ಪ್ರಯೋಗ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಅವರದು. 2006ರಲ್ಲಿ ಅವರು ಸೈಕಲ್ಲಿಗೆ ಅಳತೆಯ ಉಪಕರಣ ಕಟ್ಟಿಕೊಂಡು, ತಮ್ಮನ್ನು ಹಿಂದಿಕ್ಕಿದ ಎರಡು ಸಾವಿರಕ್ಕೂ ಮಿಕ್ಕ ವಾಹನಗಳು ಎಷ್ಟು ಅಂತರ ಬಿಟ್ಟವು ಎಂದು ಲೆಕ್ಕ ಹಾಕಿದರು. ಹೆಲ್ಮೆಟ್ ಹಾಕಿದಾಗ ವಾಹನಗಳು ಸರಾಸರಿ ಎಂಟೂವರೆ ಸೆಂಟಿಮೀಟರ್ ಹೆಚ್ಚು ಹತ್ತಿರ ಬಂದವು. ಉದ್ದ ಕೂದಲಿನ ವಿಗ್ ತೊಟ್ಟಾಗ ದೂರ ಸರಿದವು! ಪ್ರಯೋಗದ ನಡುವೆ ಒಮ್ಮೆ ಬಸ್ಸು, ಒಮ್ಮೆ ಲಾರಿ ಅವರಿಗೆ ತಾಗಿದವು. ಎರಡು ಸಲವೂ ತಲೆಯ ಮೇಲೆ ಹೆಲ್ಮೆಟ್ ಇತ್ತು. ಮುಂದೆ ಬಗೆಬಗೆಯ ಅಂಗಿಗಳ ಪರೀಕ್ಷೆಯೂ ನಡೆಯಿತು. ‘ಪೊಲೀಸ್’ ಎಂದು ಬರೆದ ಮೇಲಂಗಿಯೊಂದಕ್ಕೆ ಬಿಟ್ಟರೆ ಉಳಿದ ಯಾವ ಹೊಳಪಿಗೂ ಚಾಲಕರು ಹೆಚ್ಚಿನ ಜಾಗ ಬಿಡಲಿಲ್ಲ. ಕಕ್ಕೇರಾದ ಮೊಣಕೈ ಪಂಥಕ್ಕೆ ಇದಕ್ಕಿಂತ ದೊಡ್ಡ ವಿಲಾಯತಿ ಸಮರ್ಥನೆ ಸಿಗಲಾರದು.

ಹೊಳಪಂಗಿಯ ಪರವಾಗಿಯೂ ಒಂದು ಮಾತಿದೆ. ಡೆನ್ಮಾರ್ಕಿನಲ್ಲಿ ಸುಮಾರು 6,800 ಸವಾರರ ಪೈಕಿ ಅರ್ಧ ಜನಕ್ಕೆ ಹಳದಿ ಜಾಕೆಟ್ ಹಂಚಿ ವರ್ಷವಿಡೀ ಗಮನಿಸಿದಾಗ, ಇನ್ನೊಬ್ಬರೊಂದಿಗೆ ಡಿಕ್ಕಿಯಾಗಿ ಗಾಯಗೊಂಡದ್ದು ಜಾಕೆಟ್‌ನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ. ಆದರೆ ಆ ಹಳದಿ ಬೆಳಗುವುದು ಸೂರ್ಯನ ಅತಿನೇರಳೆ ಕಿರಣದಿಂದ. ಸೂರ್ಯ ಮುಳುಗಿದ ಮೇಲೆ ಅದಕ್ಕೂ ರಜೆ.

ಕಕ್ಕೇರಾದ ಸಂಕಟ ಇರುವುದೇ ಸೂರ್ಯ ಮುಳುಗಿದ ಮೇಲೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹಗಲು-ರಾತ್ರಿ ನೋಡಿ ಬರುವುದಿಲ್ಲ. ಗದ್ದೆಗೆ ನೀರು ತಿರುಗಿಸಲು ಹೊರಟ ರೈತನ ಸೈಕಲ್ಲಿನ ಅಡ್ಡಪಟ್ಟಿಗೆ ಸನಿಕೆ ಕಟ್ಟಿರುತ್ತದೆ, ಹೆಗಲ ಮೇಲೆ ಕರೀ ಕಂಬಳಿ, ಬಾಯಲ್ಲಿ ಕಚ್ಚಿದ ಟಾರ್ಚು, ಧೋತರ ಮೊಣಕಾಲ ಮೇಲಕ್ಕೆ ಎತ್ತಿ ಸಿಕ್ಕಿಸಿದ್ದು. ಅವನಿಗೆ ನಿಯಾನ್ ಜಾಕೆಟ್ ತೊಡಿಸಿದರೆ ಅಗಸಿಯಲ್ಲಿ ಕೂತವರು “ಏನಪಾ, ರೋಡಿನ ಕೆಲಸಕ್ಕ ಸೇರಿಯೇನು?” ಅಂದಾರು.

ಇಲ್ಲಿ ಆಸ್ಟ್ರೇಲಿಯಾದ ಇನ್ನೊಂದು ಸಂಶೋಧನೆ ಪ್ರಬಂಧಕರ್ತೃವಿನ ಕೈ ಹಿಡಿಯುತ್ತದೆ. ಕತ್ತಲಲ್ಲಿ ಬೆಳಕು ಮರಳಿಸುವ ಪಟ್ಟಿಯ ಜಾಕೆಟ್ ಒಂದನ್ನೇ ತೊಟ್ಟವರನ್ನು ಚಾಲಕರು ನೂರಕ್ಕೆ 50 ಸಲ ಗುರುತಿಸಿದರು. ಜಾಕೆಟ್ಟಿನ ಜೊತೆಗೆ ಪಾದದ ಗಂಟಿಗೆ, ಮೊಣಕಾಲಿಗೆ ಅದೇ ಪಟ್ಟಿ ಸುತ್ತಿದಾಗ 90 ಸಲ. ಮೇಲೆ ಕೆಳಗೆ ಆಡುವ ಎರಡು ಬೆಳಕು ಕಂಡರೆ ಅದು ಮನುಷ್ಯನ ಕಾಲೆಂದು ಕಣ್ಣು ತಟ್ಟನೆ ಹಿಡಿಯುತ್ತದೆ. ಬರೀ ನಿಯಾನ್ ಜಾಕೆಟ್ ಕತ್ತಲಲ್ಲಿ ಕಪ್ಪು ಬಟ್ಟೆಗಿಂತ ಸ್ವಲ್ಪವಷ್ಟೇ ಮೇಲೆಂದೂ ಗೊತ್ತಾಯಿತು. ಅಲ್ಲಿಗೆ ಕಂಬಳಿಗೆ ಮಾನ ಉಳಿಯಿತು, ಎತ್ತಿ ಕಟ್ಟಿದ ಧೋತರಕ್ಕೆ ವೈಜ್ಞಾನಿಕ ಮಾನ್ಯತೆ ಸಿಕ್ಕಿತು. ಸಿದ್ಧಾಂತ ಇಷ್ಟೇ: ಒಂದು ಗೇಣು ಪಟ್ಟಿ ಕಾಲಿಗಿರಲಿ, ರುಮಾಲು ತಲೆಗಿರಲಿ, ಹೆಲ್ಮೆಟ್ ಸಿಕ್ಕರೆ ಮಕ್ಕಳಿಗಿರಲಿ.

ಒಂದು ಆಕ್ಷೇಪ ಉಳಿಯುತ್ತದೆ. ಸವಾರ ಎಷ್ಟೇ ಹೊಳೆದರೂ, ಹಿಂದೀಪವಿಲ್ಲದೆ ಕತ್ತಲಲ್ಲಿ ನಿಂತ ಟ್ರ್ಯಾಕ್ಟರ್ ಟ್ರೇಲರ್ ಹೊಳೆಯುವುದಿಲ್ಲ. ಅವನೇ ಹೋಗಿ ಅದಕ್ಕೆ ಗುದ್ದುತ್ತಾನೆ. ಟ್ರೇಲರ್‌ಗೆ ಮೊಣಕಾಲಿಲ್ಲ. ಪಟ್ಟಿಯನ್ನು ಹಿಂಬದಿಯ ಹಲಗೆಗೇ ಅಂಟಿಸಬೇಕು, ನಿಯಮವೂ ಹಾಗೇ ಹೇಳುತ್ತದೆ. ಆದರೆ ಹಲಗೆಯ ತುಂಬ ತಿಂಥಣಿ ಮೌನೇಶ್ವರನ ಹೆಸರು, ಅದರ ಕೆಳಗೆ ತಂದೆತಾಯಿಯ ಆಶೀರ್ವಾದ. ದೇವರನ್ನು ಮುಚ್ಚುವಂತಿಲ್ಲ, ಹೆತ್ತವರನ್ನಂತೂ ಸಾಧ್ಯವೇ ಇಲ್ಲ. ಇನ್ನೂ ಕೆಳಗೆ ನೋಡಿದರೆ ಒಂದು ಖಾಲಿ ಜಾಗ ಸಿಗುತ್ತದೆ, ಪಟ್ಟಿಗೆ ಹೇಳಿ ಮಾಡಿಸಿದ ಅಳತೆ. ಅದು ನಂಬರ್ ಪ್ಲೇಟ್ ಇರಬೇಕಾದ ಜಾಗ.