ಬೆವರಣ್ಣನ ಬನಿಯನ್

ಹಾಸನ ಸೀಮೆಯಲ್ಲಿ ಊರಿಗೊಬ್ಬ ಬೆವರಣ್ಣ ಇದ್ದೇ ಇರುತ್ತಾನೆ. ಹೊಳೆನರಸೀಪುರದಲ್ಲಾದರೆ ಹೇಮಾವತಿ ಸೇತುವೆಯ ಮೇಲೆ ಸಿಗುತ್ತಾನೆ, ಚನ್ನರಾಯಪಟ್ಟಣದಲ್ಲಾದರೆ ಕೆರೆ ಏರಿಯ ಮೇಲೆ. ಅರಕಲಗೂಡು ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಲ್ಲಿಪಟ್ಟಣದಲ್ಲಿ ಅವನ ಠಿಕಾಣಿ ಕಾಫಿ ಅಂಗಡಿಯ ಮುಂದಿನ ಕಲ್ಲುಬೆಂಚು. ವಯಸ್ಸು ಐವತ್ತರ ಆಚೀಚೆ, ಹೊಟ್ಟೆ ಮೈಗಿಂತ ಅರ್ಧ ಹೆಜ್ಜೆ ಮುಂದೆ, ಹೆಗಲ ಮೇಲೆ ಟವೆಲು. ವಾಕಿಂಗ್ ಮುಗಿಸಿ ಬಂದವನು ಕಾಫಿ ಕೇಳುವ ಮೊದಲು ಬೆನ್ನು ತಿರುಗಿಸಿ ಬನಿಯನ್ ತೋರಿಸುತ್ತಾನೆ.

"ನೋಡ್ಲಾ, ಹಿಂಡಿದ್ರೆ ಒಂದು ಚೊಂಬು ಬತ್ತದೆ. ಅಷ್ಟೂ ಕೊಬ್ಬು ಕಣ್ಲಾ!"

ಅವನ ಶಾಸ್ತ್ರ ಇಷ್ಟೇ: ಬೆವರು ಹರಿದರೆ ವ್ಯಾಯಾಮ, ಹರಿಯದಿದ್ದರೆ ಬರೀ ಓಡಾಟ. ಹಾಗಾಗಿ ಏಪ್ರಿಲ್ ತಿಂಗಳು ಅವನಿಗೆ ಸುಗ್ಗಿ. ಡಿಸೆಂಬರಿನಲ್ಲಿ ಮಲೆನಾಡಿನ ಕಡೆಯಿಂದ ಕುಳಿರ್ಗಾಳಿ ಬೀಸಿದಾಗ ಮಾತ್ರ ಕಂಗಾಲು. ಸ್ವೆಟರಿನ ಮೇಲೆ ಜರ್ಕಿನ್, ಅದರ ಮೇಲೆ ಮಳೆಗಾಲದ ಪ್ಲಾಸ್ಟಿಕ್ ಕೋಟು, ತಲೆಗೆ ಮಂಕಿ ಕ್ಯಾಪು ಏರಿಸಿ ಹೊರಟರೆ ಬೀದಿನಾಯಿಗಳಿಗೂ ಗುರುತು ಸಿಗದು. ಹಾಸನದ ಜಿಮ್ಮಿಗೆ ಸೇರಿದ ಹೊಸದರಲ್ಲಿ ಹೋದ ಕೂಡಲೇ ಫ್ಯಾನ್ ಆರಿಸುತ್ತಿದ್ದ. ಉಳಿದವರು ಅವನನ್ನೇ ಆಚೆ ಕಳಿಸುವ ಮಾತಾಡಿದ ಮೇಲೆ ಮಲ್ಲಿಪಟ್ಟಣದ ರಸ್ತೆಯೇ ವಾಸಿ ಎಂದು ಮರಳಿದ.

ಕೊಬ್ಬಿನ ವಿಚಾರದಲ್ಲಿ ಅವನ ಲೆಕ್ಕ ಬಾಗಿಲು ತಪ್ಪಿದೆ. ಕರಗಿದ ಕೊಬ್ಬಿನ ಬಹುಪಾಲು ದೇಹದಿಂದ ಹೊರಹೋಗುವುದು ಇಂಗಾಲದ ಡೈಆಕ್ಸೈಡ್ ಆಗಿ, ಮೂಗು ಬಾಯಿಯ ಮೂಲಕ. ಬೆವರೆಂದರೆ ಉಪ್ಪು ಬೆರೆತ ನೀರು. ಚರ್ಮದಲ್ಲಿರುವ 20ರಿಂದ 40 ಲಕ್ಷ ಬೆವರುಗ್ರಂಥಿಗಳಿಗೆ ಮೈ ತಂಪು ಮಾಡುವುದೇ ಕೆಲಸ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬಿಸಿಯಾಗಿ ಹೋಗುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಆವಿಯಾದರೆ ಮಾತ್ರ! ಬನಿಯನ್ನಿನಿಂದ ತೊಟ್ಟಿಕ್ಕಿದ್ದು ಮೈಯನ್ನು ತಂಪಾಗಿಸದೆ ದಂಡವಾದ ನೀರು. ಬೆವರಣ್ಣ ಹೆಮ್ಮೆಯಿಂದ ಹಿಂಡಿ ತೋರಿಸುವುದು ಅದನ್ನೇ.

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ವರ್ಷಕ್ಕೆರಡು ಸಲ ಹತ್ತುವ ಪದ್ಧತಿ ಅವನಿಗಿದೆ. ಬೆಟ್ಟದ ಎತ್ತರ ಸುಮಾರು 470 ಅಡಿ, ಮೆಟ್ಟಿಲು ಆರುನೂರಕ್ಕೂ ಹೆಚ್ಚು. ಎಪ್ಪತ್ತು ಕೆ.ಜಿ. ತೂಗುವವನು ಹತ್ತಿದರೆ ಖರ್ಚಾಗುವುದು ಹೆಚ್ಚುಕಡಿಮೆ 100 ಕಿಲೋ ಕ್ಯಾಲರಿ, ಜನವರಿಯ ಮಂಜಿನಲ್ಲೂ ಅಷ್ಟೇ, ಏಪ್ರಿಲ್ ಬಿಸಿಲಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೆವರಣ್ಣ ಒಪ್ಪುವುದಿಲ್ಲ. ಜನವರಿಯಲ್ಲಿ ಮೈ ಒಣಗಿದ್ದರೆ ಗೊಮ್ಮಟನ ಮುಂದೆ ನಿಂತು, "ಈ ಸಲ ಬೆಟ್ಟ ಸರಿಯಾಗಿ ಕೆಲಸ ಮಾಡ್ಲಿಲ್ಲ" ಎನ್ನುತ್ತಾನೆ.

ಅವನ ಶಾಸ್ತ್ರ ನಿಜವಾಗಿದ್ದರೆ ರಾಮನಾಥಪುರದ ಕಡೆ ಹೊಗೆಸೊಪ್ಪಿನ ಬ್ಯಾರನ್ ಒಲೆಗೆ ಸೌದೆ ಹಾಕುತ್ತಾ ಕೂತವರೆಲ್ಲ ಒಲಿಂಪಿಕ್ಸಿಗೆ ಹೋಗಬೇಕಿತ್ತು. 2019ರ ಅಕ್ಟೋಬರಿನಲ್ಲಿ ಎಲಿಯುಡ್ ಕಿಪ್ಚೋಗೆ ಎರಡು ಗಂಟೆಯೊಳಗೆ ಮ್ಯಾರಥಾನ್ ದೂರ ಓಡಿ ಮುಗಿಸಿದ್ದು ವಿಯೆನ್ನಾದ ಚಳಿಯ ಬೆಳಗಿನಲ್ಲಿ. ತಂಪಿದೆ ಎಂದೇ ಆ ಊರು, ಆ ಹೊತ್ತು ಹುಡುಕಿದ್ದರು. ಜರ್ಕಿನ್ ಬೆವರು ಇಳಿಸುವ ತೂಕವೋ, ಎರಡು ತಂಬಿಗೆ ನೀರು ಕುಡಿದರೆ ವಾಪಸು. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕದ ವರ್ಗಕ್ಕೆ ಹೊಂದಲು ನೀರು ಬಿಟ್ಟು, ಬೆವರು ಹರಿಸಿ ಪ್ರಾಣವನ್ನೇ ಕಳೆದುಕೊಂಡರು. ಇದನ್ನು ಕೇಳಿದ ದಿನ ಬೆವರಣ್ಣ ಪ್ಲಾಸ್ಟಿಕ್ ಕೋಟನ್ನು ದನದ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ. ಜರ್ಕಿನ್ ಮಾತ್ರ ಬಿಡಲಿಲ್ಲ.

ನರ್ಸಿಂಗ್ ಓದುವ ತಂಗಿಯ ಮಗಳು ರಜೆಗೆ ಬಂದವಳು ಒಂದು ಸತ್ಯ ಹೇಳಿ ಕೆಟ್ಟಳು. ದಿನಾ ಓಡಿ ಪಳಗಿದ ದೇಹ ಬಿಸಿಯನ್ನು ಬೇಗ ಗುರುತಿಸುತ್ತದೆ, ಪಳಗದ ದೇಹಕ್ಕಿಂತ ಮೊದಲೇ ಬೆವರುತ್ತದೆ, ಹೆಚ್ಚಾಗಿಯೂ ಬೆವರುತ್ತದೆ.

"ಕೇಳುದ್ರೇನ್ರಪ್ಪಾ! ನಾನು ಪಳಗಿದೋನು!"

"ದಪ್ಪ ಇರೋರೂ ಬೆವರ್ತಾರೆ ಮಾವ. ಸೆಕೆಗೂ ಬೆವರುತ್ತೆ, ಭಯಕ್ಕೂ ಬೆವರುತ್ತೆ. ಬೆವರು ನೋಡಿ ಯಾವುದು ಅಂತ ಹೇಳಕ್ಕಾಗಲ್ಲ."

"ಮತ್ತೆ ಯಾವುದು ನೋಡಿ ಹೇಳದು?"

ಅವಳು ನಾಡಿ ಎಣಿಸುವುದನ್ನು ಹೇಳಿಕೊಟ್ಟಳು. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ ಎಂದಳು. ಬೆವರಣ್ಣ ತನ್ನ ವಯಸ್ಸಿನಲ್ಲೇ ಎಂಟು ವರ್ಷ ಕಡಿಮೆ ಹೇಳಿದ್ದರಿಂದ ಲೆಕ್ಕ ಅಲ್ಲಿಗೇ ಕೆಟ್ಟಿತು. ಆಮೇಲೆ ಇನ್ನೂ ಸುಲಭದ್ದೊಂದು ಹೇಳಿದಳು: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಮಧ್ಯಮ ಶ್ರಮ. ನಾಲ್ಕು ಮಾತಿಗೇ ಉಸಿರು ಕಟ್ಟಿದರೆ ತೀವ್ರ ಶ್ರಮ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ.

ಮರುದಿನವೇ ಪರೀಕ್ಷೆ ನಡೆಯಿತು. ಬೆವರಣ್ಣ ಹೊರಟಾಗ ಶುಂಠಿಯ ರೇಟು ಎತ್ತಿದ, ತಿರುವಿನಲ್ಲಿ ಆಲೂಗಡ್ಡೆ ಬಿತ್ತನೆ ಬೀಜದ ಮೋಸಕ್ಕೆ ಬಂದ, ದಿಣ್ಣೆ ಏರುವಾಗ ರಾಜ್‌ಕುಮಾರ್ ಚಿತ್ರಗೀತೆಯೊಂದನ್ನು ಪಲ್ಲವಿ, ಚರಣ ಸಮೇತ ಹಾಡಿ ಮುಗಿಸಿದ. ಬನಿಯನ್ ತೊಪ್ಪೆಯಾಗಿತ್ತು. ಪರೀಕ್ಷೆಯ ಪ್ರಕಾರ ಅವನಿನ್ನೂ ವ್ಯಾಯಾಮ ಶುರುವೇ ಮಾಡಿರಲಿಲ್ಲ.

ಅಂದಿನಿಂದ ಜೊತೆಯವರೆಲ್ಲ ನಡಿಗೆಯ ವೇಗ ಹೆಚ್ಚಿಸಿದ್ದಾರೆ. ಆರೋಗ್ಯದ ಕಾಳಜಿಯಿಂದಲ್ಲ; ನಾಲ್ಕು ಮಾತಿಗೆ ಅವನ ಉಸಿರು ಕಟ್ಟುವ ವೇಗ ಯಾವುದೆಂದು ಪತ್ತೆಮಾಡಲು. ಸದ್ಯಕ್ಕೆ ಅವರ ಉಸಿರೇ ಕಟ್ಟುತ್ತಿದೆ, ಬೆವರಣ್ಣ ಶುಂಠಿ ಮುಗಿಸಿ ಮೆಣಸಿಗೆ ಬಂದಿದ್ದಾನೆ.