ಎರಡನೇ ತೋಳು

ನಿಜ ಹೇಳಿ, ದಿವಾನ್ ಕೆಳಗಿನ ಆ ಬಾಕ್ಸಲ್ಲಿ ಏನಿದೆ? ಹಳೇ ಬೆಡ್‌ಶೀಟಾ? ಯಾರ ಹತ್ರ ಹೇಳ್ತಿದೀರಿ! ಬೆಡ್‌ಶೀಟು ಮೇಲುಗಡೆ ಒಂದೇ ಒಂದು. ಅದರ ಕೆಳಗೆ ಉಲ್ಲನ್ನು, ಉಲ್ಲನ್ನಿನ ಕೆಳಗೆ ಇನ್ನೂ ಉಲ್ಲನ್ನು. ಗಿಳಿಹಸಿರು, ರಾಣಿ ಪಿಂಕು, ಇಟ್ಟಿಗೆ ಬಣ್ಣ, ಆನಂದ ಬಣ್ಣ. (ಆನಂದ ಬಣ್ಣದ್ದು ಎರಡು ಪ್ಯಾಕೆಟ್ಟಿದೆ. ಮೊದಲನೇದು ಇದೆ ಅನ್ನೋದು ಮರೆತು ಎರಡನೇದು ತಂದಿದ್ದು.)

ಬಾಕ್ಸು ತುಂಬಿತು, ಸೂಟ್‌ಕೇಸಿಗೆ ಬಂತು. ಸೂಟ್‌ಕೇಸೂ ತುಂಬಿತು, ಮದುವೆ ಮನೇಲಿ ಕೊಟ್ಟ ತಾಂಬೂಲದ ಬ್ಯಾಗುಗಳಿಗೆ ಇಳೀತು. 'ಇವರು ವೆಡ್ಸ್ ಅವರು' ಅಂತ ಪ್ರಿಂಟಾಗಿರೋ ಬ್ಯಾಗು ಬಾಗಿಲ ಹಿಂದೆ ನೇತಾಡ್ತಿದೆಯಲ್ಲ, ಆ ಜೋಡಿಗೆ ಮಗುವಾಗಿ, ಮಗು ಯುಕೆಜಿಗೂ ಬಂತು. ಅದಕ್ಕೆ ಅಂತ ಶುರು ಮಾಡಿದ ಕುಲಾವಿ ಮಾತ್ರ ಅದೇ ಬ್ಯಾಗಿನೊಳಗೆ ಇನ್ನೂ ನೆತ್ತಿ ಮುಚ್ಚಿಲ್ಲ.

ತಪ್ಪು ನಿಮ್ಮದಲ್ಲ ಬಿಡಿ, ಚಿಕ್ಕಪೇಟೇದು. ಸೀರೆಗೆ ಫಾಲ್ಸ್ ತರೋಕೆ ತಾನೆ ನೀವು ಹೊರಟಿದ್ದು? 2017ರಲ್ಲಿ ಅಲ್ಲಿಗೆ ಮೆಟ್ರೊ ಬಂದ ಮೇಲೆ ಹೋಗಿಬರೋದು ಸಲೀಸು. ಅಲ್ಲೇ ಬಂದಿದ್ದು ಗ್ರಹಚಾರ. ಗಲ್ಲಿಯೊಳಗಿನ ಅಂಗಡೀಲಿ ಲೂಧಿಯಾನದಿಂದ ಬಂದ ಪ್ಯಾಕೆಟ್ಟುಗಳು ಸೂರಿನವರೆಗೆ ಜೋಡಿಸಿದ್ರು. "ಸುಮ್ನೆ ನೋಡ್ತೀನಿ" ಅಂದ್ರಿ. ಅಂಗಡಿಯವನು ಒಂದು ಉಂಡೆ ಕೈಗಿಟ್ಟ. ನೀವು ಅದನ್ನ ಕೆನ್ನೆಗೆ ಒತ್ತಿಕೊಂಡ್ರಿ. ಮುಗೀತಲ್ಲ ಕಥೆ! (ಫಾಲ್ಸ್ ತಂದ್ರಾ? ಇಲ್ಲ.)

ಮನೇಲಿ ಯಜಮಾನರು ಕೇಳಿದ್ರು, "ಮತ್ತೆ ಉಲ್ಲನ್ನಾ?" "ಹಳೇದೇ ಕಣ್ರೀ, ಈಗ ಹೊರಗೆ ತೆಗೆದೆ." ಸೀರೆ ವಿಷಯದಲ್ಲಿ ಪಳಗಿದ ಸುಳ್ಳು, ಎಲ್ಲಿ ಬೇಕಾದ್ರೂ ಕೆಲಸಕ್ಕೆ ಬರುತ್ತೆ.

ಅಲ್ಲ, ಯಾವ ಚಳಿಗೆ ಇಷ್ಟೆಲ್ಲ ಅಂತ? ಬೆಂಗಳೂರಲ್ಲಿ ದಾಖಲೆಯ ಚಳಿ ಬಿದ್ದಿದ್ದು 1884ರ ಜನವರೀಲಿ, 7.8 ಡಿಗ್ರಿ. ಆಮೇಲೆ ಅಷ್ಟು ಕೆಳಗೆ ಇಳಿದೇ ಇಲ್ಲ. ಸೆಖೆ ನೋಡಿದ್ರೆ 2016ರ ಏಪ್ರಿಲ್ಲಲ್ಲಿ 39.2ಕ್ಕೆ ಹತ್ತಿ ಕೂತಿತ್ತು. ನೀವು ಮಾತ್ರ 1884 ನಾಳೆ ಬೆಳಿಗ್ಗೆ ವಾಪಸ್ ಬರುತ್ತೆ ಅಂತ ದಾಸ್ತಾನು ಮಾಡ್ತಿದೀರಿ. (ಮಂಗಳೂರಲ್ಲಿ ಬೆವರು ಒರೆಸ್ಕೊಂಡು ತುಂಬುತೋಳಿನ ಸ್ವೆಟರ್ ಹೆಣೀತಿರೋ ಮಹಾತಾಯಿಗೆ ಇಲ್ಲಿಂದಲೇ ಒಂದು ನಮಸ್ಕಾರ.)

ದೊಡ್ಡವರ ಒಂದು ಸ್ವೆಟರಿಗೆ ಹೆಚ್ಚು ಕಡಿಮೆ ಅರ್ಧ ಕೆಜಿ ನೂಲು ಬೇಕು. ಮನೇಲಿರೋದನ್ನೆಲ್ಲ ತೂಗಿ ಲೆಕ್ಕ ಹಾಕಿ... ಬೇಡ ಬಿಡಿ, ರಾತ್ರಿ ನಿದ್ದೆ ಬರಲ್ಲ. ಜೊತೆಗೆ ನುಸಿಗುಳಿಗೆ ಬೇರೆ ಹಾಕಿದೀರಿ! ನುಸಿ ತಿನ್ನೋದು ಕುರಿ ಉಣ್ಣೆಯನ್ನ. ನಿಮ್ಮ ಪ್ಯಾಕೆಟ್ ತಿರುಗಿಸಿ ಓದಿ, ಅಕ್ರಿಲಿಕ್ಕು. ಅದನ್ನ ನುಸಿ ಮೂಸಿಯೂ ನೋಡಲ್ಲ.

ಹೋಗ್ಲಿ, ಕೊಂಡಿದ್ದು ಕೊಂಡಾಯ್ತು. ಶುರು ಮಾಡಿದ್ದು ಏನಾಯ್ತು? ಶುರು ಮಾಡೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಬೆನ್ನಿನ ಭಾಗ ಸೀರಿಯಲ್ ನೋಡ್ತಾ ನೋಡ್ತಾ ಮುಗೀತು. ಎದೆಯ ಭಾಗವೂ ಆಯ್ತು, ಒಂದು ತೋಳೂ ಆಯ್ತು. ಎರಡನೇ ತೋಳು ಅಂದ ತಕ್ಷಣ ಕೈ ಬಿದ್ದೋಯ್ತು. ಅದೇ ಡಿಸೈನು, ಅದೇ ಏರಿಕೆ, ಅದೇ ಇಳಿಕೆ, ಕಂಡ ಸಿನಿಮಾನೇ ಎಷ್ಟು ಸಲ ನೋಡೋದು? ಅಷ್ಟರಲ್ಲಿ ಯೂಟ್ಯೂಬಲ್ಲಿ ಒಂದು ಕುಶನ್ ಕವರ್ ಬೇರೆ ಕಣ್ಣಿಗೆ ಬಿತ್ತು.

ಕೆಲವರಿಗೆ ನೂಲೇ ಸಾಲಲ್ಲ. ಅದೇ ಕಂಪನಿ, ಅದೇ ಶೇಡ್ ನಂಬರ್ ಹುಡುಕಿ ತರ್ತಾರೆ, ಹೆಣೆದು ನೋಡಿದ್ರೆ ತೋಳು ಒಂದು ಚೂರು ಮಂಕು. ಲೇಬಲ್ಲಲ್ಲಿ ಶೇಡ್ ನಂಬರ್ ಪಕ್ಕ ಲಾಟ್ ನಂಬರ್ ಅಂತ ಇನ್ನೊಂದಿರುತ್ತೆ ಕಣ್ರೀ. ಒಂದೇ ಸಲ ಬಣ್ಣಕ್ಕೆ ಅದ್ದಿದ ನೂಲಿಗೆಲ್ಲ ಒಂದೇ ಲಾಟು; ಮುಂದಿನ ಸಲಕ್ಕೆ ಬಣ್ಣ ಕೂದಲೆಳೆಯಷ್ಟು ಆಚೀಚೆ. ಅಂಗಡಿಯ ಟ್ಯೂಬ್‌ಲೈಟಲ್ಲಿ ಗೊತ್ತಾಗಲ್ಲ, ಬಿಸಿಲಿಗೆ ಹಿಡಿದ್ರೆ ಎದ್ದು ಕಾಣುತ್ತೆ. ನಿಮ್ಮ ಲೇಬಲ್ ಎಲ್ಲಿ? (ಮೊದಲನೇ ದಿನಾನೇ ಕಿತ್ತು ಕಸದ ಬುಟ್ಟಿಗೆ ಹಾಕಿದ್ರಿ. ನೋಡಿದೀನಿ.)

ಇನ್ನು ಕಡ್ಡಿ. ಹೊಸ ಕೆಲಸಕ್ಕೆ ಹತ್ತನೇ ನಂಬರ್ ಕಡ್ಡಿ ಬೇಕು. ಮನೇಲಿದೆ. ಆದ್ರೆ ಅದು ಹಳೇ ಸ್ವೆಟರಿನ ಎರಡನೇ ತೋಳಲ್ಲಿ, ಆರು ಸಾಲು ಹೆಣೆದು ನಿಂತಿದೆಯಲ್ಲ ಅದರಲ್ಲಿ, ಸಿಕ್ಕೊಂಡಿದೆ. ಎಳೆದ್ರೆ ಸ್ಟಿಚ್ಚೆಲ್ಲ ಬಿಚ್ಚಿಹೋಗುತ್ತೆ. ದಬ್ಬಣಕ್ಕೆ ದಾರ ಹಾಕಿ ಸ್ಟಿಚ್ಚುಗಳನ್ನ ಅದಕ್ಕೆ ಪೋಣಿಸಿಟ್ಟು ಕಡ್ಡಿ ಬಿಡಿಸಬಹುದು, ಎರಡು ನಿಮಿಷದ ಕೆಲಸ. ಆದ್ರೆ ಹಾಗೆ ಮಾಡಿದ್ರೆ 'ಇನ್ನು ಇದನ್ನ ಹೆಣೆಯಲ್ಲ' ಅಂತ ಬರೆದುಕೊಟ್ಟ ಹಾಗಾಗುತ್ತಲ್ಲ! ಅದಕ್ಕೇ ಹೊಸ ಜೊತೆ ತಂದ್ರಿ. ಈಗ ಹತ್ತನೇ ನಂಬರ್ ಕಡ್ಡಿ ಮನೇಲಿ ಎಷ್ಟು ಜೊತೆ ಇದೆ? ಪ್ರತಿ ಜೊತೆಗೂ ಒಂದೊಂದು ಅರ್ಧ ಬಟ್ಟೆ ಜೋತಾಡ್ತಿದೆ.

ಕುಲಾವಿ ಕಥೆಗೆ ಬರೋಣ. ಮಗು ಹುಟ್ಟೋಕೆ ಮುಂಚೆ ಬಟ್ಟೆ ಸಿದ್ಧ ಮಾಡಬಾರದು ಅಂದ್ರು ನಿಮ್ಮತ್ತೆ. ಹುಟ್ಟಿದ ಮೇಲೆ ಶುರು ಮಾಡಿದ್ರಿ. ಮಗು ನಿಮ್ಮ ಕೈಗಿಂತ ಜೋರಾಗಿ ಬೆಳೀತು. ಈಗ ಕುಲಾವಿ ಅಳತೆಗೆ ತಕ್ಕ ಇನ್ನೊಂದು ಮಗು ಬೇಕು. ಅದಕ್ಕೇ ತಾನೆ ಮೊನ್ನೆ ಗೃಹಪ್ರವೇಶದಲ್ಲಿ ಹೊಸ ಸೊಸೆ ಪಕ್ಕ ಕೂತು "ಏನಮ್ಮ, ವಿಶೇಷ ಏನೂ ಇಲ್ವಾ?" ಅಂತ ಕೇಳಿದ್ದು? ಪಾಪ, ಅವಳು ಮುಖ ಸಿಂಡರಿಸಿಕೊಂಡು ಎದ್ದುಹೋದ್ಲು. ವಿಷಯ ಉಲ್ಲನ್ನಿನದು ಅಂತ ಅವಳಿಗೇನು ಗೊತ್ತು!

ಸಾಫ್ಟ್‌ವೇರ್ ತಮ್ಮಂದಿರಾ, ನೀವು ನಗಬೇಡಿ. 2020ರ ಲಾಕ್‌ಡೌನಲ್ಲಿ ಕ್ರೋಶಾ ಕಡ್ಡಿ ತರಿಸಿಕೊಂಡೋರು ಯಾರು? ಮಾನಿಟರ್ ಪಕ್ಕದಲ್ಲಿರೋ ಆ ಆಕ್ಟೋಪಸ್‌ಗೆ ಇನ್ನೂ ಮೂರೇ ಕಾಲು.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ, ಸಮಾಧಾನ ಮಾಡ್ಕೊಳ್ಳಿ. ಇಂಗ್ಲಿಷಿನ ಹೆಣಿಗೆಯವರು 'ಎರಡನೇ ಕಾಲುಚೀಲದ ಕಾಯಿಲೆ' ಅಂತ ಹೆಸರೇ ಇಟ್ಟುಬಿಟ್ಟಿದ್ದಾರೆ. ಅಲ್ಲಿ ಒಂಟಿ ಕಾಲುಚೀಲ, ಇಲ್ಲಿ ಒಂಟಿ ತೋಳು.

ಈಗ ಒಂದು ಉಪಾಯ ಹೇಳ್ತೀನಿ, ಹತ್ರ ಬನ್ನಿ. ಎರಡನೇ ತೋಳಿನ ಯೋಚನೆ ಬಿಟ್ಟುಬಿಡಿ. ಮೊದಲನೇ ತೋಳನ್ನೂ ಬಿಚ್ಚಿ. (ಎದೆ ಹಿಡ್ಕೊಬೇಡಿ, ನೋವಾಗಲ್ಲ.) ಭುಜ ಕೂಡಿಸಿ, ಕಂಕುಳ ಸುತ್ತ ಒಂದಿಂಚು ಬಾರ್ಡರ್ ಹಾಕಿ, ಸ್ಲೀವ್‌ಲೆಸ್ಸು ಅಂತ ಧೈರ್ಯವಾಗಿ ಹೇಳಿ. ಬೆಂಗಳೂರು ಚಳಿಗೆ ಅಷ್ಟು ಧಾರಾಳ ಸಾಕು. ಬಿಚ್ಚಿದ ನೂಲನ್ನ ಮಾತ್ರ ವಾಪಸ್ ಬಾಕ್ಸಿಗೆ ತುಂಬಬೇಡಿ. ಪಕ್ಕದ ಮನೆ ಹುಡುಗಿ ಹೆಣಿಗೆ ಕಲೀಬೇಕು ಅಂತಿದ್ಲಲ್ಲ, ಅವಳಿಗೆ ಕೊಡಿ. ಬಿಡುವಾದ ಆ ಕಡ್ಡಿಗಳನ್ನೂ ಕೊಡಿ. ಅನುಭವಿಸಲಿ!