ಪುಶ್ಶೋ, ಟೈಂಪಾಸೋ: ಬಳಸುವ ಮುನ್ನ ಓದಿ

ಈ ಕೈಪಿಡಿ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಬಿಜಿಎಂಐ ಎಂಬ ಫೋನಿನ ಗುಂಡಿನಾಟ ಆಡುವವರಿಗೆ ಮಾತ್ರ. ಬೇಕಾಗುವ ಸಾಮಾನು: ಚಾರ್ಜ್ ಇರುವ ಫೋನು, ದಿನದ ಡೇಟಾ, ನಾಲ್ಕು ಜನ. ನಾಲ್ಕನೆಯವನು ಸಿಗದಿದ್ದರೆ ಸರ್ವರೇ ಒಬ್ಬ ಅಪರಿಚಿತನನ್ನು ಕೊಡುತ್ತದೆ. ಅವನು ತೆಲುಗಿನಲ್ಲಿ ಬೈದರೆ ಮೊಳಕಾಲ್ಮೂರಿನವರು ತೆಲುಗಿನಲ್ಲೇ ತಿರುಗಿ ಬೈಯಬಹುದು, ರಾಯದುರ್ಗ ಪಕ್ಕದಲ್ಲೇ ಇದೆ. ಬೇರೆ ಭಾಷೆಯಾದರೆ ಮೈಕ್ ಆಫ್ ಮಾಡಿ.

18 ತುಂಬದವರಿಗೆ ದಿನಕ್ಕೆ 3 ಗಂಟೆ ಮಾತ್ರ ಆಟ. ಒಪ್ಪಿಗೆಗೆ ಹೆತ್ತವರ ಫೋನಿಗೆ ಒಟಿಪಿ ಬರುತ್ತದೆ. ಆ ಫೋನು ಯಾರ ಕೈಯಲ್ಲಿದೆ ಎಂದು ಕೈಪಿಡಿ ವಿಚಾರಿಸುವುದಿಲ್ಲ.

ಆಟದ ವಿಮಾನ ಹತ್ತುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ: ಇವತ್ತು ರ‍್ಯಾಂಕ್ ಪುಶ್ಶೋ, ಟೈಂಪಾಸೋ?

ಪುಶ್ ಆದರೆ ವಿಧಾನ ಹೀಗೆ. ಬ್ರಾಂಜ್‌ನಿಂದ ಕ್ರೌನ್, ಏಸ್ ದಾಟಿ ಕಾಂಕರರ್‌ವರೆಗೆ ಹತ್ತಬೇಕು. ಕೆಳಗಿನ ಮೆಟ್ಟಿಲುಗಳಲ್ಲಿ ನೀವು ಉರುಳಿಸುವವರಲ್ಲಿ ಬಹಳಷ್ಟು ಮನುಷ್ಯರಲ್ಲ, ಬಾಟ್‌ಗಳೇ. ಇದನ್ನು ಗೆಳೆಯರಿಗೆ ಹೇಳಬೇಡಿ, ಅವರಿಗೂ ಗೊತ್ತು. 100 ಜನ ಇಳಿಯುವ ಆಟದ ದ್ವೀಪದಲ್ಲಿ ಅಂಕ ಸಿಗುವುದು ಹೊಡೆದದ್ದಕ್ಕಷ್ಟೇ ಅಲ್ಲ, ಕೊನೆತನಕ ಉಳಿದದ್ದಕ್ಕೂ. ಆದ್ದರಿಂದ ಊರಾಚೆ ಇಳಿಯಿರಿ. ಒಂದು ಬಚ್ಚಲುಮನೆ ಹುಡುಕಿ. ಬಾಗಿಲು ಹಾಕಿಕೊಂಡು ಕುಕ್ಕುರುಗಾಲಲ್ಲಿ ಕೂರಿ. ಉಸಿರು ಬಿಡಿ, ಗುಂಡು ಬಿಡಬೇಡಿ. ಝೋನ್ ಕುಗ್ಗಿದರೆ ಎದ್ದು ಮುಂದಿನ ಬಚ್ಚಲಿಗೆ ಹೋಗಿ. ಇದಕ್ಕೆ ಕಾಂಪಿಟೆಟಿವ್ ಆಟ ಎನ್ನುತ್ತಾರೆ.

ಟೈಂಪಾಸಿನವನು ಆ ದ್ವೀಪದ ಪೊಚಿಂಕಿ ಎಂಬ ಊರಿನ ನಟ್ಟನಡುವೆ ಹಾರುತ್ತಾನೆ. ಗನ್ ಸಿಗದಿದ್ದರೆ ಪ್ಯಾನ್ ಹಿಡಿದು ಮೂವರ ಮೇಲೆ ಬೀಳುತ್ತಾನೆ, ಎರಡೇ ನಿಮಿಷದಲ್ಲಿ ಸತ್ತು ನಗುತ್ತಾ ಲಾಬಿಗೆ ಬರುತ್ತಾನೆ. ಇಬ್ಬರಲ್ಲಿ ಕಾದಾಡಿದವನು ಯಾರು? ರ‍್ಯಾಂಕ್ ಪಟ್ಟಿ ಬಚ್ಚಲಿನವನ ಹೆಸರು ಹೇಳುತ್ತದೆ. ನನ್ನ ಓಟು ಪ್ಯಾನಿನವನಿಗೆ.

ಏರ್‌ಡ್ರಾಪ್ ಕಂಡರೆ ಪುಶ್‌ನವರು ಹತ್ತಿರ ಹೋಗಬಾರದು, ಟೈಂಪಾಸಿನವರು ಓಡಬೇಕು. ಮೇಲಿನಿಂದ ಸಾಮಾನು ಬೀಳುವುದು ಚಳ್ಳಕೆರೆಗೆ ಹೊಸತಲ್ಲ. 2019ರ ಸೆಪ್ಟೆಂಬರ್ 17ರಂದು ಡಿಆರ್‌ಡಿಒದ ರುಸ್ತುಂ-2 ಡ್ರೋನ್ ಜೋಡಿಚಿಕ್ಕೇನಹಳ್ಳಿಯ ಹೊಲಕ್ಕೇ ಬಿದ್ದಿತ್ತು. ಜನ ಓಡಿದ್ದು ನೋಡಲಿಕ್ಕೆ, ಲೂಟ್ ಮಾಡಲಿಕ್ಕಲ್ಲ.

ಎಚ್ಚರಿಕೆ: ಸೀಸನ್ ಮುಗಿದರೆ ರ‍್ಯಾಂಕ್ ಕೆಳಕ್ಕೆ ಜಾರುತ್ತದೆ. ಮೊಳಕಾಲ್ಮೂರಿನಲ್ಲಿ ಗುಂಡಿಮಗ್ಗಕ್ಕೆ ಇಳಿದವನು ನೇಯ್ದ ಸೀರೆಯನ್ನು ಹೀಗೆ ಎರಡು ತಿಂಗಳಿಗೊಮ್ಮೆ ಯಾರಾದರೂ ಅರ್ಧ ಬಿಚ್ಚಿದ್ದರೆ ಅವನು ಮಗ್ಗ ಬಿಟ್ಟೇ ಹೋಗುತ್ತಿದ್ದ. ಸಾಲದ್ದಕ್ಕೆ ದೆಹಲಿಯ ಕಾಟ ಬೇರೆ: 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ನಿಷೇಧ, 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೊಸ ಹೆಸರು, ಮರುವರ್ಷ ಜುಲೈನಲ್ಲಿ ಅದೂ ಪ್ಲೇಸ್ಟೋರ್‌ನಿಂದ ಮಾಯ, 2023ರ ಮೇನಲ್ಲಿ ಮತ್ತೆ ಹಾಜರು. ಪಬ್ಜಿ ನಿಂತ ಆ ತಿಂಗಳುಗಳಲ್ಲಿ ಏಸ್‌ನವನೂ ಬ್ರಾಂಜ್‌ನವನೂ ಒಂದೇ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿದರು.

ದೋಷ ಪತ್ತೆ: ಆಟದ ನಡುವೆ ಅವ್ವ “ಚೀಲ ಇಳಿಸ್ಬೇಕು, ಬಾರೋ” ಎಂದು ಕೂಗಿದರೆ ಟೈಂಪಾಸಿನವನು ಎದ್ದು ಹೋಗಲಿ. ಪುಶ್‌ನವನು “ಐದ್ ನಿಮಿಷ ಇರವ್ವ” ಎನ್ನಲಿ. ಬಚ್ಚಲಲ್ಲಿ ಕೂತವನಿಗೆ ಅರ್ಧ ಗಂಟೆಯೂ ಐದೇ ನಿಮಿಷ.

“ನಾನು ಸುಮ್ನೆ ಆಡ್ತೀನಲೇ, ನಂಗೆ ರ‍್ಯಾಂಕೆಲ್ಲ ಬೇಡ” ಅಂದವನು ಗುಂಡು ತಿಂದು ನಾಕ್ ಆದ ಕೂಡಲೇ “ಎತ್ತಲೇ, ಕವರ್ ಕೊಡಲೇ, ಏನ್ ಆಡ್ತೀಯಲೇ” ಎಂದು ಅರಚಿ ಫೋನನ್ನು ಹಾಸಿಗೆಗೆ ಎಸೆದರೆ ಯಂತ್ರದ ದೋಷವಲ್ಲ. ಅವನನ್ನು ನಾಳೆಯಿಂದ ಪುಶ್ ಸ್ಕ್ವಾಡಿಗೆ ಹಾಕಿಕೊಳ್ಳಿ, ಒಂದು ಬಚ್ಚಲು ತೋರಿಸಿ.